ಸಹಾಯ ಬೇಕು: ಎಲ್ಲ ಮಕ್ಕಳನ್ನೂ ಒಳಗೊಳ್ಳುವ ಪಾಠಯೋಜನೆಯ ಕುರಿತು

ಗುಂಪಿನ ಹಿರಿಯ ಶಿಕ್ಷಕರೆಲ್ಲರಿಗೂ ನಮಸ್ಕಾರ. ಶಿಕ್ಷಕ ತರಬೇತಿಯಲ್ಲಿರುವ ನಾನು ಸಮನ್ವಯ ಶಿಕ್ಷಣದ, ಅಂದರೆ ಎಲ್ಲ ಬಗೆಯ ಮಕ್ಕಳೂ ಒಂದೇ ತರಗತಿಯಲ್ಲಿ ಕೂಡಿ ಕಲಿಯುವ ಶಿಕ್ಷಣದ ಕುರಿತು ಅಧ್ಯಯನ ಮಾಡುತ್ತಿದ್ದೇನೆ. ಮಕ್ಕಳ ದೈಹಿಕ, ಬೌದ್ಧಿಕ, ಸಾಮಾಜಿಕ ಅಥವಾ ಭಾಷಿಕ ಸ್ಥಿತಿ ಯಾವುದೇ ಇರಲಿ, ಸಾಮಾನ್ಯ ಶಾಲೆಗಳು ಅವರೆಲ್ಲರನ್ನೂ ಸೇರಿಸಿಕೊಳ್ಳಬೇಕೆಂದು 1994ರಲ್ಲಿ ಸ್ಪೇನ್ ದೇಶದ ಸಲಮಾಂಕಾದಲ್ಲಿ ನಡೆದ ವಿಶ್ವ ಶಿಕ್ಷಣ ಸಮ್ಮೇಳನದ ಸಲಮಾಂಕಾ ಘೋಷಣೆ ಸಾರಿತು. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿಯು ಸಮನ್ವಯ ಶಿಕ್ಷಣವನ್ನು ಹಕ್ಕೆಂದು ಮನ್ನಿಸಿತು. ಆದರೆ ಪ್ರವೇಶ ದೊರೆತ ಮಾತ್ರಕ್ಕೆ ಕಲಿಕೆ ದೊರೆಯುವುದಿಲ್ಲ. ಮನೆಯಲ್ಲಿ ಬೇರೆ ಭಾಷೆಯಾಡುವ ಮಗು ತರಗತಿಯಲ್ಲಿ ಮೌನವಾಗಿದ್ದರೆ, ಆ ಮೌನವನ್ನೇ ದಡ್ಡತನವೆಂದು ಎಣಿಸಿಬಿಡುವ ಅಪಾಯ ನನ್ನನ್ನು ಬಹಳವಾಗಿ ಕಾಡುತ್ತದೆ.

ಮಕ್ಕಳ ಮನೆಯ ಭಾಷೆ, ಕಥೆ, ಕಸುಬುಗಳನ್ನು ಪಾಠಕ್ಕೆ ತರಬೇಕೆಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. ಹಾಗೆ ತರುವಾಗ ಒಂದು ಮಗುವನ್ನು ಅದರ ಸಮುದಾಯದ ಪ್ರತಿನಿಧಿಯಂತೆ ಎಲ್ಲರೆದುರು ನಿಲ್ಲಿಸಿ ಮುಜುಗರಕ್ಕೆ ಈಡುಮಾಡದಿರುವುದು ಹೇಗೆ? ಬರೆಯಲು ಕಷ್ಟಪಡುವ ಮಗುವಿಗೆ ಮೌಖಿಕವಾಗಿಯೋ ಚಿತ್ರದ ಮೂಲಕವೋ ಉತ್ತರಿಸಲು ಅವಕಾಶ ಕೊಟ್ಟಾಗ, ಕಲಿಕೆಯ ಗುರಿಯನ್ನು ತಗ್ಗಿಸದೆ ಮೌಲ್ಯಮಾಪನ ಮಾಡುವ ಬಗೆ ಯಾವುದು?

ಈ ಎರಡನೆಯ ಪ್ರಶ್ನೆಯೇ ನನಗೆ ಹೆಚ್ಚು ತೊಡಕಾಗಿದೆ. ತಾವು ತರಗತಿಯಲ್ಲಿ ಬಳಸಿ ನೋಡಿದ ಪಾಠಯೋಜನೆ ಅಥವಾ ಮೌಲ್ಯಮಾಪನದ ಮಾನದಂಡಗಳಿದ್ದರೆ ದಯವಿಟ್ಟು ಹಂಚಿಕೊಳ್ಳಬೇಕೆಂದು ವಿನಂತಿಸುತ್ತೇನೆ.