ಸಹಾಯ ಬೇಕು: ಅಕ್ಕನಿಗೆ ಹೃದಯದ ಆಪರೇಷನ್, ಆರೋಗ್ಯ ವಿಮೆ ಇಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಹೃದಯದ ಮೈಟ್ರಲ್ ಕವಾಟ ತುಂಬಾ ಕಿರಿದಾಗಿದೆ. ಚಿಕ್ಕವಳಿದ್ದಾಗ ಬಂದ ರುಮ್ಯಾಟಿಕ್ ಜ್ವರದಿಂದ ಹೀಗಾಗಿದೆ ಎಂದು ಎಕೋ (ಹೃದಯದ ಸ್ಕ್ಯಾನ್) ನೋಡಿದ ಡಾಕ್ಟರ್ ಹೇಳಿದರು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. ರಾತ್ರಿಯೆಲ್ಲ ದಿಂಬಿಗೆ ಒರಗಿ ಕೂತೇ ಇರುತ್ತಾಳೆ. ನೋಡೋಕೆ ಆಗುತ್ತಿಲ್ಲ.

ವಿಮೆ ಇಲ್ಲ. ಈಗ ಮಾಡಿಸಿದರೂ ಮೊದಲೇ ಇರುವ ಕಾಯಿಲೆ ಅಂತ ಸುಮಾರು ಕಾಲ ಕಾಯಿಸುತ್ತಾರೆ, ಅಲ್ವಾ? ಅಷ್ಟು ಕಾಯುವ ಸ್ಥಿತಿಯಲ್ಲಿ ಅವಳಿಲ್ಲ.

ಒಂದು ಆಸ್ಪತ್ರೆ ಕವಾಟ ಬದಲಿಸಬೇಕು ಎಂದು ಅಂದಾಜು ಪಟ್ಟಿ ಕೊಟ್ಟಿದೆ. ಕವಾಟದ ಬೆಲೆ, ಐಸಿಯು ಎಲ್ಲ ಬೇರೆ ಬೇರೆ ಬರೆದಿದ್ದಾರೆ. ಕೊನೆಯಲ್ಲಿ ಮಾತ್ರ 'ಇತರೆ' ಅಂತ ಒಂದೇ ಸಾಲು, ಅದರ ಮುಂದೆ ದೊಡ್ಡ ಮೊತ್ತ. ಅದರ ವಿವರ ಬರಹದಲ್ಲಿ ಕೊಡಿ ಎಂದು ಕೇಳಿದ್ದೇವೆ. ಹೀಗೆ ಕೇಳಿ ಯಾರಾದರೂ ಬಿಲ್ ಇಳಿಸಿಕೊಂಡಿದ್ದೀರಾ?

ನನಗೆ ಮುಖ್ಯವಾಗಿ ಬೇಕಿರುವುದು ಎರಡನೇ ಅಭಿಪ್ರಾಯ. ಬಲೂನ್‌ನಿಂದ ಕವಾಟ ಅಗಲಿಸುವ ವಿಧಾನದಲ್ಲಿ ಎದೆ ತೆರೆಯಬೇಕಿಲ್ಲ, ಖರ್ಚೂ ಸಾಮಾನ್ಯವಾಗಿ ಕಡಿಮೆ. ಆದರೆ ಕವಾಟದಲ್ಲಿ ಸುಣ್ಣದಂಶ ಜಾಸ್ತಿ ಕೂತಿದ್ದರೆ, ಹೃದಯದ ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದು ಆಗುವುದಿಲ್ಲ. ಅಕ್ಕನಿಗೆ ಆಗುತ್ತದಾ ಅಂತ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ತೋರಿಸಿದರೆ ಹೇಳುತ್ತಾರಾ?

ಲೋಹದ ಕವಾಟ ಹಾಕಿಸಿಕೊಂಡವರೂ ದಯವಿಟ್ಟು ಬರೆಯಿರಿ. ಜೀವನಪೂರ್ತಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ, ಆಗಾಗ ರಕ್ತ ಪರೀಕ್ಷೆ. ಆ ಖರ್ಚು ಹೇಗೆ ನಿಭಾಯಿಸುತ್ತಿದ್ದೀರಿ?

ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಮೂಲಕ ಟ್ರಸ್ಟ್‌ಗಳಿಂದ ನೆರವು ಪಡೆದವರು ಇದ್ದರೆ, ಯಾವ ಕಾಗದ ಕೇಳಿದರು ಎಂದು ತಿಳಿಸಿ. ಸದ್ಯಕ್ಕೆ ಯಾರೂ ದುಡ್ಡು ಕಳಿಸಬೇಡಿ. ಎಕೋ ರಿಪೋರ್ಟ್ ನನ್ನ ಹತ್ತಿರ ಇದೆ, ಹೃದಯದ ಡಾಕ್ಟರ್ ಯಾರಾದರೂ ಇಲ್ಲಿದ್ದರೆ ಈಗಲೇ ಕಳಿಸುತ್ತೇನೆ.