3ನೇ ಕ್ರಾಸ್ ನಿವಾಸಿಗಳು (ವಾಟ್ಸ್ಆ್ಯಪ್ ಗುಂಪು): ನಿನ್ನೆ ರಾತ್ರಿ ಪಾರ್ಕ್ ಗೇಟ್ ಹತ್ತಿರ ನಡೆದದ್ದು (ಹೆಸರಿನ ಪಕ್ಕದಲ್ಲಿರುವುದು ಮನೆ ನಂಬರ್)

ಸುಮಾ (42), ಬೆಳಿಗ್ಗೆ 6:12
ಇವತ್ತು ಯಾರೂ ಗುಡ್ ಮಾರ್ನಿಂಗ್ ಹಾಕಬೇಡಿ. ರಾತ್ರಿ ನಾನು ಕಣ್ಣು ಮುಚ್ಚಿಲ್ಲ. ಹನ್ನೊಂದೂವರೆಗೆ ಪಾರ್ಕ್ ಗೇಟ್ ಹತ್ತಿರ ನಮ್ಮ ಏರಿಯಾದ್ದೇ ನಾಲ್ಕು ಹುಡುಗರು 38ರ ಮೇಲಿನ ಮನೆಯ ಮಣಿಪುರದ ಹುಡುಗಿಯ ಸ್ಕೂಟರ್‌ಗೆ ಅಡ್ಡ ಹಾಕಿ ಕೀ ಕಿತ್ತುಕೊಂಡರು. ಒಬ್ಬ ಮೊಬೈಲ್ ಟಾರ್ಚನ್ನು ಮುಖಕ್ಕೇ ಹಿಡಿದು "ಪಾಸ್‌ಪೋರ್ಟ್ ತೋರಿಸು" ಅಂತಾನೆ, ಇನ್ನೊಬ್ಬ ಚಿಂಕಿ, ಮೋಮೋ ಅಂತ ಕೂಗ್ತಾನೆ. ಅವಳು ಆಸ್ಪತ್ರೆ ಯೂನಿಫಾರ್ಮ್‌ನಲ್ಲೇ ಇದ್ದಳು. "ಅಣ್ಣ, ಕೀ ಕೊಡಿ, ಡ್ಯೂಟಿ ಮುಗಿಸಿ ಬಂದಿದ್ದೀನಿ" ಅಂತ ಕನ್ನಡದಲ್ಲೇ ಕೇಳಿದಳು. ಅದಕ್ಕೂ ನಗು. ನಾನು ಬಾಲ್ಕನಿಯಿಂದ ಕಿರುಚಿದ ಮೇಲೆ ಕೀಯನ್ನು ಮೋರಿಗೆ ಎಸೆದು ಓಡಿದರು. ನಾನೂ ನಮ್ಮನೆಯವರೂ ಕೋಲಿಗೆ ತಂತಿ ಕಟ್ಟಿ ಕೀ ಎತ್ತಿದೆವು. ವಾಚ್‌ಮನ್ ಕುರ್ಚಿಯಿಂದ ಏಳಲಿಲ್ಲ. ಅಕ್ಕಪಕ್ಕದ ಮನೆಗಳಲ್ಲಿ ಲೈಟ್ ಹತ್ತಿತು, ಆಮೇಲೆ ಆರಿತು. ಯಾರ್ಯಾರ ಮನೆ ಅಂತ ನೋಡಿದ್ದೇನೆ.

ರಮೇಶ್ (17), 6:20
ಫಾರ್ವರ್ಡ್: ಶುಭೋದಯ 🌹 ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮೆಂತ್ಯ ನೀರು ಕುಡಿಯುವುದರಿಂದ ಆಗುವ ಲಾಭಗಳು...

ಅನಿತಾ (21), 6:31
ರಮೇಶ್ ಅವರೇ, ಮೇಲಿನ ಮೆಸೇಜ್ ಒಂದ್ಸಲ ಓದಿ.
ಸುಮಾ, ಅವಳು ಈಗ ಹೇಗಿದ್ದಾಳೆ? ಅವಳು ಈ ಗುಂಪಲ್ಲಿ ಇದ್ದಾಳಾ?

ಸುಮಾ (42), 6:33
ಇಲ್ಲ. ಬಾಡಿಗೆಯವರನ್ನು ಸೇರಿಸಬಾರದು ಅಂತ ಬೈಲಾ ಇದೆಯಲ್ಲ.

ಮೂರ್ತಿ (9), 6:50
ಸುಮಾ ಮೇಡಂ, ಖಂಡಿತ ಖಂಡಿಸುತ್ತೇನೆ. ಆದರೆ ಮೂಲ ಕಾರಣ ಏನು ಅಂತ ನೋಡಬೇಕು. 38ರ ಓನರ್ ನಾಲ್ಕು ಕಾಸು ಜಾಸ್ತಿ ಬರುತ್ತೆ ಅಂತ ಫ್ಯಾಮಿಲಿಗೆ ಕೊಡದೆ ಇವರಿಗೆ ಕೊಟ್ಟರು. ಆಗಲೇ ನಾನು ಬೇಡ ಅಂದಿದ್ದೆ. ವಿದೇಶದವರನ್ನು ಇಟ್ಟುಕೊಂಡರೆ 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸುವ ಫಾರಂ ಕೊಡಬೇಕು, ಕೊಟ್ಟಿದ್ದಾರಾ?

ಅನಿತಾ (21), 6:52
ಅಂಕಲ್, ಮಣಿಪುರ ಭಾರತದಲ್ಲೇ ಇದೆ.

ಮೂರ್ತಿ (9), 6:53
ಅದು ನನಗೂ ಗೊತ್ತಮ್ಮ. ಜನರಲ್ ಆಗಿ ಹೇಳಿದೆ.

ಪ್ರಕಾಶ್ (38), 7:15
ನನ್ನ ಬಾಡಿಗೆ ಲೆಕ್ಕ ನಿಮಗ್ಯಾಕೆ ಸರ್? ಆಧಾರ್, ಅಗ್ರಿಮೆಂಟ್, ಪೊಲೀಸ್ ವೆರಿಫಿಕೇಶನ್ ಎಲ್ಲ ಫೈಲ್‌ನಲ್ಲಿದೆ. ನಿಮ್ಮ ಔಟ್‌ಹೌಸ್‌ನಲ್ಲಿರುವ ಬ್ಯಾಚುಲರ್‌ಗಳದ್ದು ಇದೆಯಾ?

ಮೂರ್ತಿ (9), 7:16
ವಿಷಯ ತಿರುಗಿಸಬೇಡಿ.

ಲತಾ (40), 7:30
ಹುಡುಗರು ಮಾಡಿದ್ದು ತಪ್ಪೇ. ಆದರೂ ಒಂದು ಮಾತು, ಭಾನುವಾರ ಆ ಮನೆಯಿಂದ ಬರೋ ಅಡುಗೆ ವಾಸನೆಗೆ ಬಟ್ಟೆ ಒಣಗಿಸೋಕೂ ಆಗಲ್ಲ.

ಕಾವೇರಿ (26), 7:38
ಅದು ಬಿದಿರಿನ ಕಳಲೆ ಲತಾ. ನಮ್ಮ ಕೊಡಗಿನಲ್ಲಿ ಮಳೆಗಾಲ ಬಂದರೆ ಬೈಂಬಳೆ ಕರಿ ಮಾಡದ ಮನೆ ಇಲ್ಲ. ಹೋದ ವರ್ಷ ನಮ್ಮನೆಯಲ್ಲಿ ಅಕ್ಕಿ ರೊಟ್ಟಿ ಜೊತೆ ಕೇಳಿ ಹಾಕಿಸಿಕೊಂಡು ತಿಂದಿರಿ. ಆಗ ವಾಸನೆ ಬಂದಿರಲಿಲ್ವಾ?

ಗಿರೀಶ್ (11), 7:41
ಹಾಗಾದರೆ ಮೋಮೋ ಅಂಗಡಿ ಮುಂದೆ ನಿಂತು ಎಲ್ಲರೂ ಸಾರಿ ಕೇಳೋಣ 😂😂

ಸುಮಾ (42), 7:49
ಗಿರೀಶ್, ಕೂಗಿದವರೂ ಹೀಗೇ ನಗ್ತಾ ಇದ್ದರು. ಈ ಹುಡುಗರಿಗೆ ಈ ಜನಾಂಗೀಯ ಗೇಲಿಯನ್ನೆಲ್ಲ ಯಾರು ಕಲಿಸಿದ್ದು ಅಂತ ನಾನು ರಾತ್ರಿಯೆಲ್ಲ ಯೋಚಿಸಿದೆ. ಹೋದ ತಿಂಗಳ ಪಾರ್ಕಿಂಗ್ ಜಗಳದ ಮೆಸೇಜ್ ಮೇಲೆ ಹೋಗಿ ನೋಡಿ. "38 ಚೈನಾ ಪಾರ್ಟಿ ಸ್ಕೂಟರ್ ತೆಗೆಸಿ" ಅಂತ ಇದೇ ಗುಂಪಲ್ಲಿ ಇದೆ, ಅದಕ್ಕೆ ಒಂಬತ್ತು ಜನ ನಗುವ ಮುಖ ಹಾಕಿದ್ದೀರಿ. ಮಕ್ಕಳು ಮನೆಯಲ್ಲಿ ನಮ್ಮ ಫೋನ್ ನೋಡುವುದಿಲ್ವಾ?

ಮೂರ್ತಿ (9), 7:52
ಅದು ತಮಾಷೆಗೆ ಬರೆದದ್ದು. ಎಲ್ಲದಕ್ಕೂ ಜನಾಂಗೀಯ ಅಂತ ದೊಡ್ಡ ಪದ ಹಾಕಿದರೆ ಹೇಗೆ? ನಮ್ಮವರನ್ನು ದೆಹಲಿಯಲ್ಲಿ ಮದ್ರಾಸಿ ಅನ್ನಲ್ವಾ? ನಾನು ಅಲ್ಲಿ ಆರು ವರ್ಷ ಇದ್ದೆ.

ಅನಿತಾ (21), 7:55
ಖುಷಿಯಾಗುತ್ತಿತ್ತಾ ಅಂಕಲ್?

ಮೂರ್ತಿ (9), 7:56
ಖುಷಿ ಯಾಕಾಗುತ್ತೆ. ಒಬ್ಬನಿಗೆ ಕೆನ್ನೆಗೆ ಬಾರಿಸಿದ್ದೆ.

ನಾಗರಾಜ್ (5), 8:10
ದೆಹಲಿ ಅಂದಿದ್ದಕ್ಕೆ ಹೇಳುತ್ತೇನೆ. 2014ರಲ್ಲಿ ಲಾಜಪತ್ ನಗರದಲ್ಲಿ ಅರುಣಾಚಲದ ನಿಡೊ ತಾನಿಯಾ ಅನ್ನುವ ಹುಡುಗನ ಕೂದಲನ್ನು ಅಂಗಡಿಯವರು ಗೇಲಿ ಮಾಡಿದರು. ಅಲ್ಲಿಂದ ಜಗಳ, ಹೊಡೆತ, ಹುಡುಗ ಸತ್ತ. ಆಮೇಲೆ ಈಶಾನ್ಯದವರ ಸಮಸ್ಯೆ ನೋಡಲು ಕೇಂದ್ರ ಸರ್ಕಾರ ಬೆಜ್‌ಬರುವಾ ಸಮಿತಿ ಮಾಡಿತು. ಶಾಲೆ ಪಾಠದಲ್ಲಿ ಈಶಾನ್ಯದ ಇತಿಹಾಸ ಇರಬೇಕು ಅಂತಲೂ ಆ ಸಮಿತಿ ಹೇಳಿತ್ತು. ನಮ್ಮ ಮಕ್ಕಳಿಗೆ ಆ ಏಳು ರಾಜ್ಯದ ಹೆಸರು, ಸಿಕ್ಕಿಂ ಸೇರಿದರೆ ಎಂಟು, ಬಾಯಿಗೆ ಬರುತ್ತಾ ಕೇಳಿ ನೋಡಿ. ದೊಡ್ಡವರಿಗೂ ಕೇಳಿ.
ನಮ್ಮೂರೇನು ಕಮ್ಮಿ ಇಲ್ಲ. 2012ರ ಆಗಸ್ಟ್‌ನಲ್ಲಿ ಈಶಾನ್ಯದವರ ಮೇಲೆ ಹಲ್ಲೆ ಆಗುತ್ತೆ ಅನ್ನುವ ಬರೀ ವದಂತಿಗೆ ಆ ಕಡೆಯ ಸಾವಿರಾರು ಜನ ಬ್ಯಾಗ್ ಹೊತ್ತುಕೊಂಡು ಮೆಜೆಸ್ಟಿಕ್ ಸ್ಟೇಷನ್‌ಗೆ ಬಂದರು, ಗುವಾಹಟಿಗೆ ಸ್ಪೆಷಲ್ ರೈಲು ಬಿಡಬೇಕಾಯಿತು. ನಾನೇ ಕಣ್ಣಾರೆ ನೋಡಿದ್ದೇನೆ. ಕೊನೆಗೆ ಒಂದು ಸಲಕ್ಕೆ ಐದಕ್ಕಿಂತ ಜಾಸ್ತಿ ಜನರಿಗೆ ಎಸ್‌ಎಂಎಸ್ ಕಳಿಸಬಾರದು ಅಂತ ಸರ್ಕಾರವೇ ತಡೆ ಹಾಕಿತು. ಫಾರ್ವರ್ಡ್ ಹಾಕುವವರು ಇದನ್ನೂ ನೆನಪಿಟ್ಟುಕೊಳ್ಳಿ.

ರಮೇಶ್ (17), 8:12
ನನಗೆ ಹೇಳಿದ್ರಾ?

ಶ್ರೀಧರ (33), 8:30
ನಾನು ಯಲ್ಲಾಪುರದವನು, ಎಲ್ಲರಿಗೂ ಗೊತ್ತಲ್ಲ. ನನ್ನ ಜೊತೆ ಓದಿದ ಸಿದ್ದಿ ಹುಡುಗರು ಕೊಂಕಣಿ, ಕನ್ನಡ ಎರಡೂ ನೀರು ಕುಡಿದ ಹಾಗೆ ಮಾತಾಡುತ್ತಾರೆ. ಅವರ ಹಿರಿಯರು ಆಫ್ರಿಕಾದಿಂದ ಬಂದು ನೂರಾರು ವರ್ಷ ಆಯಿತು. ಯಲ್ಲಾಪುರ, ಹಳಿಯಾಳ ಕಡೆ ಈಗಲೂ ಕಾಡಂಚಿನಲ್ಲಿ ಗದ್ದೆ ಮಾಡಿಕೊಂಡಿದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೂ ಹೋದರು. ಆದರೂ ನನ್ನ ಗೆಳೆಯ ಬೆಂಗಳೂರಿಗೆ ಬಂದರೆ ಆಟೋದವರು ಯಾವ ದೇಶ ಅಂತ ಇಂಗ್ಲಿಷಲ್ಲಿ ಕೇಳುತ್ತಾರೆ. ಅವನು ಕನ್ನಡದಲ್ಲಿ ಉತ್ತರ ಕೊಟ್ಟರೆ "ಅರೆ, ಚೆನ್ನಾಗಿ ಕಲಿತಿದ್ದೀರಿ" ಅಂತಾರೆ. ಕನ್ನಡ ಕಲಿತರೆ ಎಲ್ಲ ಸರಿಯಾಗುತ್ತೆ ಅನ್ನುವವರಿಗೆ ಇದು.

ಗಿರೀಶ್ (11), 8:33
ಕನ್ನಡ ಕಲಿಯಬೇಕು ಅನ್ನುವುದೂ ತಪ್ಪಾ ಈಗ? ಇಲ್ಲಿ ಬಂದು ಹತ್ತು ವರ್ಷ ಆದರೂ ಹಿಂದಿಯಲ್ಲೇ ಮಾತಾಡುವವರು ಎಷ್ಟು ಜನ ಇದ್ದಾರೆ.

ಕಾವೇರಿ (26), 8:35
ಅಯ್ಯೋ, ಅವಳು ಕೀ ಕೇಳಿದ್ದೇ ಕನ್ನಡದಲ್ಲಿ.

(ಇಲ್ಲಿಂದ 46 ಮೆಸೇಜ್ ಹಿಂದಿ, ಮೆಟ್ರೊ ಬೋರ್ಡ್ ಬಗ್ಗೆ.)

ಶೋಭಾ (14), 10:05
ನಮ್ಮ ಹುಡುಗನ ಹೆಸರು ಸುಮ್ನೆ ಓಡಾಡುತ್ತಿದೆ ಅಂತ ಕೇಳಿದೆ. ಅವನು ಅಲ್ಲಿ ನಿಂತಿದ್ದ ಅಷ್ಟೇ. ಸೆಕೆಂಡ್ ಪಿಯು ಮಗು. ಪೊಲೀಸ್ ಗಿಲೀಸ್ ಅಂದರೆ ಅವನ ಭವಿಷ್ಯ ಏನಾಗಬೇಕು?

ಸುಮಾ (42), 10:07
ಟಾರ್ಚ್ ಹಿಡಿದಿದ್ದು ಯಾರು ಅಂತ ಕೇಳಿ ಶೋಭಾ. ಅವಳೂ ಯಾರದೋ ಮನೆ ಮಗಳೇ.

ಅನಿತಾ (21), 10:40
ಒಂದು ದಾರಿ ಹೇಳುತ್ತೇನೆ, ಪೂರ್ತಿ ಓದಿ. ಪೊಲೀಸ್ ದೂರು ಕೊಡಬೇಕಾ ಬೇಡವಾ ಅನ್ನುವುದು ಆ ಹುಡುಗಿಗೆ ಬಿಟ್ಟದ್ದು, ನಾವು ಅವಳನ್ನು ಒತ್ತಾಯ ಮಾಡುವುದೂ ಬೇಡ, ತಡೆಯುವುದೂ ಬೇಡ. ಕೊಟ್ಟರೆ ಸಾಕ್ಷಿಗೆ ಸುಮಾ ಇದ್ದಾರೆ. ಈ ಭಾನುವಾರ 10ಕ್ಕೆ ಪಾರ್ಕಿನಲ್ಲಿ ಸೇರೋಣ, ನಾಲ್ಕೂ ಹುಡುಗರು ಅಪ್ಪ ಅಮ್ಮನ ಜೊತೆ ಬರಲಿ. ಭಾಷಣ ಬೇಡ. ನಾಗರಾಜ್ ಸರ್ ಹೇಳಿದ್ದು, ಶ್ರೀಧರ ಹೇಳಿದ್ದು, ಇಷ್ಟೇ ಸಾಕು. 2016ರಲ್ಲಿ ಸೋಲದೇವನಹಳ್ಳಿ ಹತ್ತಿರ ಅಪಘಾತ ಮಾಡಿದ್ದು ಸುಡಾನಿನವನು, ಜನ ಹೊಡೆದದ್ದು ಆಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾ ವಿದ್ಯಾರ್ಥಿನಿಗೆ. ಬಣ್ಣ ಒಂದೇ ಅನ್ನುವುದು ಬಿಟ್ಟರೆ ಇವಳಿಗೂ ಅವನಿಗೂ ಸಂಬಂಧವೇ ಇಲ್ಲ. ಇಂಥದ್ದನ್ನೇ ಮಕ್ಕಳ ಮುಂದೆ ಮಾತಾಡೋಣ.
ಆಮೇಲೆ ಲೈಟ್ ಆರಿಸಿದ ಮನೆಯವರಿಗೆ. ಹೀಗಾದಾಗ ಹುಡುಗರ ಜೊತೆ ಜಗಳಕ್ಕೇ ಇಳಿಯಬೇಕು ಅಂತಿಲ್ಲ. ಕೆಳಗೆ ಬಂದು ಅವಳ ಪಕ್ಕ ನಿಂತು "ಏನಮ್ಮ, ಮನೆಗಾ?" ಅಂತ ಮಾತಾಡಿಸಿದರೂ ಅರ್ಧ ಕೆಲಸ ಆಯಿತು. ಭಯವಾದರೆ 112ಕ್ಕೆ ಫೋನ್ ಮಾಡಿ. ವಿಡಿಯೊ ತೆಗೆದರೆ ಅವಳಿಗೆ ಕೊಡಿ, ಅವಳನ್ನು ಕೇಳದೆ ಎಲ್ಲೂ ಹಾಕಬೇಡಿ.

ಕಾವೇರಿ (26), 10:44
👍 ಬರುತ್ತೇನೆ.

ಮೂರ್ತಿ (9), 10:58
ಒಳ್ಳೆಯ ಯೋಚನೆ. ಮಾಡುವುದಾದರೆ ಅಚ್ಚುಕಟ್ಟಾಗಿ ಮಾಡೋಣ. ವಿವಿಧತೆಯಲ್ಲಿ ಏಕತೆ ಅಂತ ಬ್ಯಾನರ್, ಮೈಕ್ ಸೆಟ್, ಎರಡು ಶಾಲು. ಪ್ರಾಸ್ತಾವಿಕ ನಾನು ಮಾತಾಡುತ್ತೇನೆ, 40 ನಿಮಿಷ ಸಾಕು. ಆ ಹುಡುಗಿಯರು ಅವರ ಕಡೆಯ ಡ್ರೆಸ್‌ನಲ್ಲಿ ಒಂದು ಡ್ಯಾನ್ಸ್ ಮಾಡಲಿ, ಜನಕ್ಕೂ ಪರಿಚಯ ಆಗುತ್ತೆ.

ಸುಮಾ (42), 11:01
ತನ್ನ ಕೀ ಮೋರಿಗೆ ಎಸೆದದ್ದನ್ನು ನೋಡಿದವಳು ನಮಗೆ ಡ್ಯಾನ್ಸ್ ಯಾಕೆ ಮಾಡಬೇಕು ಅಂಕಲ್?

ಮೂರ್ತಿ (9), 11:02
ನಿಮಗೆ ಪಾಸಿಟಿವ್ ಆಗಿ ನೋಡಲು ಬರುವುದೇ ಇಲ್ಲ. ಸರಿ, ನಾನು ಸುಮ್ಮನಿರುತ್ತೇನೆ.

ಮೂರ್ತಿ (9), 11:04
ನಿಜವಾದ ಸಮಸ್ಯೆ ವಾಚ್‌ಮನ್ನು ಮತ್ತೆ ಕ್ಯಾಮೆರಾ. ಗೇಟಿಗೆ ಸಿಸಿಟಿವಿ ಇದ್ದಿದ್ದರೆ ಯಾರು ಏನು ಅಂತ ಇಷ್ಟು ಮಾತೇ ಇರಲಿಲ್ಲ. ಮನೆಗೆ 1,500 ಹಾಕಿದರೆ ಆಗಿಹೋಗುತ್ತೆ.

ಪ್ರಕಾಶ್ (38), 11:10
ಕ್ಯಾಮೆರಾಗೆ ನನ್ನ ಒಪ್ಪಿಗೆ ಇದೆ.

ಲತಾ (40), 11:11
ನನ್ನದೂ.

ಶೋಭಾ (14), 11:15
ಕ್ಯಾಮೆರಾ ಬೇಕೇ ಬೇಕು. ನಮ್ಮ ಹುಡುಗ ಏನೂ ಮಾಡಿಲ್ಲ ಅಂತ ಅದರಲ್ಲೇ ಗೊತ್ತಾಗುತ್ತಿತ್ತು.

ಗಿರೀಶ್ (11), 11:18
ಬಾಡಿಗೆಯವರೂ ಕೊಡಬೇಕಲ್ವಾ? ಅವರ ಸೇಫ್ಟಿಗೇ ತಾನೇ.

ಅನಿತಾ (21), 11:20
ಗುಂಪಿಗೆ ಸೇರಿಸಲು ಬೈಲಾ ಬಿಡುವುದಿಲ್ಲ, ದುಡ್ಡು ತಗೊಳ್ಳಲು ಮಾತ್ರ ಬಿಡುತ್ತಾ?
ಭಾನುವಾರ 10ಕ್ಕೆ ಯಾರ್ಯಾರು ಬರುತ್ತೀರಿ, ಹೆಸರು ಹಾಕಿ.

ಮೂರ್ತಿ (9), 11:22
ಭಾನುವಾರ 10ಕ್ಕೆ ಕ್ಯಾಮೆರಾದವನು ಕೊಟೇಶನ್ ತರುತ್ತಾನೆ, ಎಲ್ಲರೂ ತಪ್ಪದೆ ಬನ್ನಿ. ಅದು ಮುಗಿದ ಮೇಲೆ ಟೈಮ್ ಇದ್ದರೆ ಅನಿತಾ ವಿಷಯ ತಗೊಳ್ಳೋಣ. ನಾಲ್ಕು ಕ್ಯಾಮೆರಾ ಸಾಕಾ, ಆರು ಬೇಕಾ, ಗುಂಪಲ್ಲಿ ಪೋಲ್ ಹಾಕಿದ್ದೇನೆ, ವೋಟ್ ಮಾಡಿ.

ರಮೇಶ್ (17), 11:25
ಆರು. ಒಂದನ್ನು ನಮ್ಮ ಮನೆ ಮೂಲೆಗೆ ತಿರುಗಿಸಿ, ರಾತ್ರಿ ಕಸ ಎಸೆಯುವವರು ಯಾರು ಅಂತ ಗೊತ್ತಾಗಲಿ.