‘ಶೈಯಾನ್’ ಪದ: ಬರೆಯುವುದು ಹೇಗೆ, ಅರ್ಥ ಏನು?

ಗೆಳೆಯರೇ,

ಅಮೆರಿಕದ ಮೂಲನಿವಾಸಿಗಳ ಬಗ್ಗೆ ಬಂದಿರುವ ಒಂದು ಲೇಖನವನ್ನು ತಿದ್ದುತ್ತಿದ್ದೇನೆ. ಅದರಲ್ಲಿ ಒಂದೇ ಬುಡಕಟ್ಟಿನ ಹೆಸರು ಒಂದು ಕಡೆ ‘ಚೆಯೆನ್ನೆ’, ಇನ್ನೊಂದು ಕಡೆ ‘ಶೆಯೆನ್’ ಆಗಿದೆ. ಅಮೆರಿಕದವರು ಅನ್ನುವುದು ‘ಶೈಯಾನ್’, ಒತ್ತು ‘ಯಾ’ ಮೇಲೆ. ವಯೋಮಿಂಗ್ ರಾಜ್ಯದ ರಾಜಧಾನಿಗೂ ಇದೇ ಹೆಸರು. ಕಾಗುಣಿತದ ಮಟ್ಟಿಗೆ ‘ಶೈಯಾನ್’ ಇರಲಿ ಅಂತ ನನ್ನ ಅನಿಸಿಕೆ. ತಕರಾರು ಇರುವುದು ಲೇಖಕರು ಕೊಟ್ಟ ಅರ್ಥದ ಬಗ್ಗೆ. ಫ್ರೆಂಚ್‌ನಲ್ಲಿ ನಾಯಿಗೆ ಇರುವ ಪದದಿಂದ ಈ ಹೆಸರು ಬಂತು ಅಂತ ಬರೆದಿದ್ದಾರೆ.

ಇದು ಹಳೆಯ ಕತೆ. ಫ್ರೆಂಚರ ‘ಶ್ಯೆಂ’ ಅಂದರೆ ನಾಯಿ. ಶೈಯಾನರಲ್ಲೂ ನಾಯಿಯ ಹೆಸರು ಹೊತ್ತ ಯೋಧರ ಕೂಟವೊಂದು ಬಹಳ ಹೆಸರು ಮಾಡಿತ್ತು. ಎರಡೂ ಸೇರಿ ಕತೆ ಗಟ್ಟಿಯಾಯಿತು. ಆದರೆ ಹೆಸರು ಕೊಟ್ಟವರು ಫ್ರೆಂಚರಲ್ಲ, ಅಕ್ಕಪಕ್ಕದ ಡಕೋಟಾ, ಲಕೋಟಾ ಜನ. ಅವರ ಪದ ‘ಶಹಿಯೆನ’.

ಅದನ್ನು ಬಿಡಿಸುವುದರಲ್ಲೂ ಎರಡು ದಾರಿ. ‘ಶ’ ಅಂದರೆ ಕೆಂಪು, ‘ಇಯ’ ಅಂದರೆ ಮಾತಾಡು. ಹಾಗಾಗಿ ‘ಕೆಂಪು ಮಾತಿನವರು’, ಅಂದರೆ ನಮಗೆ ತಿಳಿಯದ ಭಾಷೆಯವರು ಅನ್ನುವುದು ಒಂದು. ಲಕೋಟಾದಲ್ಲಿ ದುಭಾಷಿಗೆ ‘ಇಯೆಸ್ಕ’ ಅನ್ನುತ್ತಾರೆ, ‘ಸ್ಕ’ ಅಂದರೆ ಬಿಳಿ. ಕೆಂಪು ಮಾತು ತಿಳಿಯದ್ದಾದರೆ ಬಿಳಿ ಮಾತು ತಿಳಿಯಾದದ್ದು. ನಾವು ತಿಳಿನೀರು, ತಿಳಿಗನ್ನಡ ಅನ್ನುವುದಿಲ್ಲವೇ, ಹಾಗೆ. ಓದಲು ಚೆನ್ನಾಗಿದೆ, ಆದರೆ ಭಾಷಾತಜ್ಞರ ಒಲವು ಇನ್ನೊಂದರ ಕಡೆಗೆ. ‘ಶಹಿಯ’ ಅನ್ನುವುದು ಕ್ರೀ ಅನ್ನುವ ಇನ್ನೊಂದು ಮೂಲನಿವಾಸಿ ಜನಕ್ಕೆ ಅಥವಾ ಅವರಂಥವರಿಗೆ ಡಕೋಟಾದವರಲ್ಲಿದ್ದ ಹೆಸರು, ಕೊನೆಯ ‘ನ’ ಚಿಕ್ಕದು ಅನ್ನುವ ಪ್ರತ್ಯಯ. ಒಟ್ಟು ‘ಚಿಕ್ಕ ಶಹಿಯರು’. ನನಗೂ ಇದೇ ಸರಿ ಅನ್ನಿಸುತ್ತದೆ. ಕ್ರೀ, ಶೈಯಾನ್ ಎರಡೂ ಆಲ್ಗಾಂಕ್ವಿಯನ್ ಕುಟುಂಬದ ಭಾಷೆಗಳು. ಡಕೋಟಾ ಬೇರೆ ಕುಟುಂಬದ್ದು. ಹೊರಗಿನವರ ಕಿವಿಗೆ ಅವೆರಡೂ ಒಂದೇ ಥರ ಕೇಳಿಸಿದ್ದರೆ ಆಶ್ಚರ್ಯವೇನಿಲ್ಲ.

ಹಾಗಾದರೆ ಶೈಯಾನರು ತಮ್ಮನ್ನು ಏನಂತ ಕರೆದುಕೊಳ್ಳುತ್ತಾರೆ? ‘ತ್ಸೆತ್ಸೆಹೆಸ್ತಹೆಸೆ’. ‘ಹೀಗಿರುವವರು’ ಅನ್ನುವ ಅರ್ಥ ಹೇಳುವುದುಂಟು, ‘ಒಂದೇ ಮನಸ್ಸಿನವರು’ ಅನ್ನುವುದೂ ಉಂಟು. ನಮ್ಮ ‘ಇರುವವರು’, ‘ಬಂದವರು’ ಥರ ಇದೂ ಕ್ರಿಯಾಪದದಿಂದಲೇ ಆದ ಹೆಸರು. ಪುಸ್ತಕಗಳಲ್ಲಿ ಜಾಸ್ತಿ ಕಾಣುವ ‘ತ್ಸಿತ್ಸಿಸ್ತಾಸ್’ ಬೇರೆ ಪದವಲ್ಲ. ಆ ಭಾಷೆಗೆ ಅ, ಎ, ಒ ಅಂತ ಮೂರೇ ಸ್ವರ, ಬರವಣಿಗೆಗೆ ಒಟ್ಟು 14 ಅಕ್ಷರ. ಕೆಲವು ಸ್ವರಗಳನ್ನು ಪಿಸುಗುಟ್ಟಿದ ಹಾಗೆ ಬರೀ ಉಸಿರಲ್ಲಿ ಹೇಳುತ್ತಾರೆ. ಮಾತಿನ ಕೊನೆಯಲ್ಲಂತೂ ಯಾವಾಗಲೂ ಹಾಗೆಯೇ. ‘ಎ’ ಕೂಡ ‘ಇ’ಗೆ ಹತ್ತಿರ. ಪಿಸುಸ್ವರ ಕಿವಿಗೆ ಬೀಳದವರು ಬರೆದುಕೊಂಡ ರೂಪ ‘ತ್ಸಿತ್ಸಿಸ್ತಾಸ್’.

ನೆರೆಯವರಿಟ್ಟ ಹೆಸರು ಬುಡಕಟ್ಟಿಗಷ್ಟೇ ಅಲ್ಲ, ವ್ಯಕ್ತಿಗಳಿಗೂ ಅಂಟಿದ್ದುಂಟು. 1878ರಲ್ಲಿ ಓಕ್ಲಹೋಮಾದಿಂದ ಉತ್ತರದ ತಮ್ಮ ನೆಲಕ್ಕೆ ಜನರನ್ನು ಹೊರಡಿಸಿದ ಮುಖಂಡರಲ್ಲಿ ಒಬ್ಬರು ‘ಡಲ್ ನೈಫ್’. ಮೊಂಡು ಚಾಕು ಅನ್ನುವ ಅದು ಲಕೋಟಾ ಹೆಸರಿನ ಅನುವಾದ. ಅವರ ಸ್ವಂತ ಹೆಸರಿಗೆ ಬೆಳ್ಳಿಚುಕ್ಕಿ ಅಂತ ಅರ್ಥ. ಈಗ ಮೊಂಟಾನಾದ ಲೇಮ್ ಡಿಯರ್‌ನಲ್ಲಿರುವ ಅವರದೇ ಬುಡಕಟ್ಟಿನ ಕಾಲೇಜಿಗೂ ‘ಚೀಫ್ ಡಲ್ ನೈಫ್’ ಅಂತಲೇ ಹೆಸರು. ಇನ್ನು ಶೈಯಾನರು ಬಿಳಿಯರಿಗೆ ಇಟ್ಟ ಹೆಸರು ‘ವೆಹೊಎ’. ಅದಕ್ಕೆ ಜೇಡ, ಕತೆಗಳಲ್ಲಿ ಬರುವ ಕಿಲಾಡಿ ಅಂತಲೂ ಅರ್ಥ! ವಿಸ್ಕಿಗೆ ‘ವೆಹೊಎ ನೀರು’ ಅನ್ನುತ್ತಾರೆ.

ಈಗ ಕೇಳಬೇಕಾದ್ದು:

ಮೊದಲ ಸಲ ‘ತ್ಸೆತ್ಸೆಹೆಸ್ತಹೆಸೆ (ಶೈಯಾನ್)’ ಅಂತ ಬರೆದು, ಆಮೇಲೆ ಬರೀ ‘ಶೈಯಾನ್’ ಅಂದರೆ ನಡೆಯುತ್ತದೆಯೇ? ಓದುಗರ ನಾಲಿಗೆಯನ್ನು ಸುಮ್ನೆ ಗೋಳು ಹೊಯ್ದುಕೊಳ್ಳುವುದು ಬೇಡ ಅಂತ ನನ್ನ ಲೆಕ್ಕ. ಜನ ತಾವೇ ಇಟ್ಟುಕೊಂಡ ಹೆಸರಿಗೆ ‘ಒಳಹೆಸರು’, ಬೇರೆಯವರು ಇಟ್ಟದ್ದಕ್ಕೆ ‘ಹೊರಹೆಸರು’ ಅನ್ನಬಹುದೇ, ಇದಕ್ಕಿಂತ ಒಳ್ಳೆಯ ಪದ ಬಳಕೆಯಲ್ಲಿದೆಯೇ? ಕೊನೆಯದಾಗಿ, ಆ ಪಿಸುಸ್ವರಗಳನ್ನು ಕನ್ನಡದಲ್ಲಿ ಪೂರ್ತಿ ಬರೆಯುವುದೋ, ಒತ್ತಕ್ಷರ ಮಾಡಿ ನುಂಗಿಬಿಡುವುದೋ? ವ್ಯಾಕರಣ ಬಲ್ಲವರು ದಯವಿಟ್ಟು ಹೇಳಿ.